ಮದುವೆ ಕಾರ್ಡ್, ಫ್ಲೆಕ್ಸ್ ಕೆಲಸಕ್ಕೆ ಚಿಕ್ಕ ಕಂಪ್ಯೂಟರ್: ಮೊದಲು ನುಡಿ ಫೈಲ್ ನೋಡಿಕೊಳ್ಳಿ

ನಮಸ್ಕಾರ. ಅಂಗಡಿಯ ಟೇಬಲ್ ಚಿಕ್ಕದು, ಮದುವೆ ಕಾರ್ಡ್, ಫ್ಲೆಕ್ಸ್, ಲೋಗೋ ಕೆಲಸ, ಮಾನಿಟರ್ ಸೇರಿ 70 ಸಾವಿರದೊಳಗೆ ಆಗಬೇಕು, ಆಪಲ್‌ನ ಮ್ಯಾಕ್ ಮಿನಿಯೋ ವಿಂಡೋಸ್ ಮಿನಿ ಪಿಸಿಯೋ ಎಂದು ಕೇಳಿದ್ದೀರಿ. ಡಿಟಿಪಿ (ಕಂಪ್ಯೂಟರ್‌ನಲ್ಲಿ ಅಚ್ಚಿನ ಪುಟ ಜೋಡಿಸುವ) ಕೆಲಸಕ್ಕೆ ಎರಡನ್ನೂ ಬಳಸಿದ್ದೇನೆ, ಅದರ ಮೇಲೆ ಹೇಳುತ್ತೇನೆ.

ಕನ್ನಡ ಯಾವುದರಲ್ಲಿ ಟೈಪ್ ಮಾಡುತ್ತೀರಿ? ಹಳೆಯ ಕೋರೆಲ್ ಡ್ರಾ ಫೈಲುಗಳೆಲ್ಲ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಆಸ್ಕಿ ಫಾಂಟಿನಲ್ಲಿದ್ದರೆ (ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡ ರೂಪ ಕೂರಿಸಿದ ಹಳೆಯ ಪದ್ಧತಿ) ವಿಂಡೋಸ್ ಬಿಡಬೇಡಿ. ಕೋರೆಲ್ 2019ರಿಂದ ಮ್ಯಾಕ್‌ಗೂ ಬರುತ್ತಿದೆ ನಿಜ. ಆದರೆ ನುಡಿ ವಿಂಡೋಸ್‌ನ ತಂತ್ರಾಂಶ. ಗಿರಾಕಿ ಪಕ್ಕದಲ್ಲೇ ಕೂತು "ಇಲ್ಲಿ ಅಜ್ಜಿ ಹೆಸರು ಸೇರಿಸಿ" ಎಂದಾಗ ಬೇರೆ ಕಡೆ ಟೈಪ್ ಮಾಡಿ ತರುತ್ತಾ ಕೂರಲು ಆಗಲ್ಲ, ಅಲ್ವಾ?

ಪೂರ್ತಿ ಯೂನಿಕೋಡ್‌ಗೆ (ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಹೊಸ ಪದ್ಧತಿಗೆ) ಬಂದಿದ್ದರೆ, ಕೆಲಸ ಇಲಸ್ಟ್ರೇಟರ್, ಫೋಟೋಶಾಪ್‌ನಲ್ಲೇ ಆದರೆ, ಎಂ4 ಚಿಪ್‌ನ ಮ್ಯಾಕ್ ಮಿನಿ ತುಂಬಾ ಒಳ್ಳೆಯದು. 2024ರ ನವೆಂಬರ್‌ನಲ್ಲಿ ಬಂದಾಗ ಬೆಲೆ 59,900 ರೂಪಾಯಿ. 16 ಜಿಬಿ ರ‍್ಯಾಮ್, 12.7 ಸೆಂಟಿಮೀಟರ್ ಚೌಕ, ಅಷ್ಟೇ ಜಾಗ. ತೊಡಕು ಏನೆಂದರೆ ರ‍್ಯಾಮ್ ಆಮೇಲೆ ಹೆಚ್ಚಿಸಲು ಬರಲ್ಲ, 256 ಜಿಬಿ ಡಿಸ್ಕ್ ಬೇಗ ತುಂಬುತ್ತದೆ, ಆ ಬೆಲೆಯಾದರೆ ನಿಮ್ಮ ಲೆಕ್ಕದಲ್ಲಿ ಮಾನಿಟರ್‌ಗೆ ಹತ್ತು ಸಾವಿರವೇ ಉಳಿಯುತ್ತದೆ. ಅಂದ ಹಾಗೆ, ಫೋಟೋಶಾಪ್‌ನಲ್ಲಿ ಯೂನಿಕೋಡ್ ಒತ್ತಕ್ಷರ ಒಡೆದು ಕಂಡರೆ ಮೆಷಿನ್ ತಪ್ಪಲ್ಲ. ಹಳೆಯ ಆವೃತ್ತಿಯಾದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ.

ರ‍್ಯಾಮ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್ ತಗೊಳ್ಳಿ. 72 ಡಿಪಿಐನಲ್ಲಿ (ಇಂಚಿಗೆ 72 ಚುಕ್ಕೆ) 17,280 x 8,640 ಪಿಕ್ಸೆಲ್. ಅಚ್ಚಿನ ನಾಲ್ಕು ಬಣ್ಣದ ಸಿಎಂವೈಕೆಯಲ್ಲಿ ಒಂದು ಪಿಕ್ಸೆಲ್‌ಗೆ 4 ಬೈಟ್, ಅಂದರೆ ಪೂರ್ತಿ ತುಂಬಿದ ಒಂದೇ ಲೇಯರ್ ಸುಮಾರು 600 ಎಂಬಿ. ಹಿನ್ನೆಲೆ, ನಾಲ್ಕೈದು ಫೋಟೋ, ನೆರಳು, ಜೊತೆಗೆ ಅಂಡೂ ಮಾಡುವ ಹಿಸ್ಟರಿ ಸೇರಿದರೆ 8 ಜಿಬಿ ಎಲ್ಲಿ ಸಾಲುತ್ತದೆ? ನನ್ನ ಮೊದಲ ಮಿನಿ ಪಿಸಿಗೆ ಅಂಗಡಿಯವರು 8 ಜಿಬಿಯ ಒಂದೇ ಸ್ಟಿಕ್ ಹಾಕಿ ಕೊಟ್ಟಿದ್ದರು. ಸೇವ್ ಒತ್ತಿ ಚಹಾ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. 16ರ ಎರಡು ಸ್ಟಿಕ್ ಹಾಕಿದ ಮೇಲೆ ಸರಿಹೋಯಿತು. ಮಿನಿ ಪಿಸಿಯಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದು ಕಡಿಮೆ, ಗ್ರಾಫಿಕ್ಸ್ ಇದೇ ರ‍್ಯಾಮ್ ಹಂಚಿಕೊಳ್ಳುತ್ತದೆ. ಅದಕ್ಕೇ ಒಂದು ದೊಡ್ಡ ಸ್ಟಿಕ್‌ಗಿಂತ ಜೋಡಿ ಸ್ಟಿಕ್ ಒಳ್ಳೆಯದು, ಡೇಟಾ ಎರಡು ದಾರಿಯಲ್ಲಿ ಬೇಗ ಓಡುತ್ತದೆ. ಮೂರು ಆಯಾಮದ ಕೆಲಸ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್‌ಗೆಂದು ಸುಮ್ನೆ ದುಡ್ಡು ಹಾಕಬೇಡಿ.

ದುಡ್ಡು ಉಳಿಸಬೇಕಾದರೆ ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ ನೋಡಿ. ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳ ಕಡೆ ಹೋದಾಗ ವಿಚಾರಿಸಿ. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದು ಬೇಡ. ಅವುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಉಳಿದ ದುಡ್ಡನ್ನು ಮಾನಿಟರ್‌ಗೆ ಹಾಕಿ. ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಬದಲಾಗದ ಪರದೆ), ಎಸ್‌ಆರ್‌ಜಿಬಿ (ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬ ಅಳತೆ) ಶೇಕಡಾ ನೂರರ ಹತ್ತಿರ ಇರಲಿ. ಹಳೆಯ ಅಗ್ಗದ ಮಾನಿಟರ್ ನಂಬಿ ನಾನು ಕಳಿಸಿದ ಲಗ್ನಪತ್ರಿಕೆಯ ಕುಂಕುಮ ಕೆಂಪು, ಅಚ್ಚಾಗಿ ಬಂದಾಗ ಇಟ್ಟಿಗೆ ಬಣ್ಣವಾಗಿತ್ತು. 500 ಕಾರ್ಡ್ ಕೈಯಿಂದ ಹಾಕಿ ಮತ್ತೆ ಮಾಡಿಸಿಕೊಟ್ಟೆ.

ಯುಪಿಎಸ್ ಮರೆಯಬೇಡಿ. ಲ್ಯಾಪ್‌ಟಾಪ್‌ನಂತೆ ಇದರಲ್ಲಿ ಬ್ಯಾಟರಿ ಇಲ್ಲ. ಚಿಕ್ಕ ಮೆಷಿನ್ ಕರೆಂಟ್ ಕಡಿಮೆ ತಿನ್ನುವುದರಿಂದ 600 ವಿಎ ಸಾಕು, ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ. ಜಾಗ ಉಳಿಸಲು ಮಾನಿಟರ್ ಹಿಂದೆ ತಿರುಪು ಹಾಕಿ ಕೂರಿಸಿ, ಡ್ರಾಯರ್ ಒಳಗೆ ಇಡಬೇಡಿ, ಬಿಸಿಯಾಗುತ್ತದೆ.

ನಿಮ್ಮ ಫೈಲುಗಳಲ್ಲಿ ನುಡಿಯವು ಎಷ್ಟು, ಯೂನಿಕೋಡ್‌ನವು ಎಷ್ಟು ಎಂದು ಇಲ್ಲೇ ಬರೆಯಿರಿ. ನೋಡಿ ಯಾವುದು ಸರಿ ಎಂದು ಹೇಳುತ್ತೇನೆ.