ಸೌದಿ ಅರೇಬಿಯಾ ಮತ್ತು ಉಳ್ಳಾಲದ ಕಡಲು

(ಪತ್ರ ಬರೆದವರು ಉಳ್ಳಾಲದ ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಮಂಗಳೂರಿನ ಕಾಲೇಜೊಂದರಲ್ಲಿ ನಡೆದ ಮಾದರಿ ವಿಶ್ವಸಂಸ್ಥೆ ಸಮ್ಮೇಳನದಲ್ಲಿ, ಅಂದರೆ ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಯಾಗಿ ವಾದಿಸುವ ಅಣಕು ಸಭೆಯಲ್ಲಿ, ಎರಡು ದಿನ ಭಾಗವಹಿಸಿದ್ದರು. ವಿಷಯ ಹವಾಮಾನ ಬದಲಾವಣೆ, ಪಾಲಿಗೆ ಬಂದ ದೇಶ ಸೌದಿ ಅರೇಬಿಯಾ. ತೈಲ ಬಳಕೆಯನ್ನು ‘ನಿಲ್ಲಿಸಬೇಕು’ ಎಂದಿದ್ದ ಕರಡು ನಿರ್ಣಯವನ್ನು ‘ಕಡಿಮೆ ಮಾಡಬೇಕು’ ಎಂದು ತಿದ್ದಿಸಿದರು. ಬಹುಮಾನವೂ ಬಂತು. “ಮನೆಗೆ ಬಂದಾಗ ಅಜ್ಜಿ, ಕಡಲ್ಕೊರೆತ ತಡೆಯಲು ದಡಕ್ಕೆ ಹಾಕಿದ ಕಲ್ಲುಗಳನ್ನೇ ನೋಡುತ್ತಾ ಕೂತಿದ್ದರು. ಎರಡು ದಿನ ನಾನು ಸುಳ್ಳು ಹೇಳಿ ಬಂದೆನಾ?” ಎಂದು ಕೇಳಿದ್ದಾರೆ.)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಡಲ್ಕೊರೆತಕ್ಕೆ ತೆಂಗಿನ ಮರ ಬೀಳುವುದನ್ನು ನೋಡುತ್ತಾ ಬೆಳೆದ ಹುಡುಗಿಗೆ ಸಿಕ್ಕಿದ್ದು ತೈಲ ಮಾರುವ ದೇಶ! ಚೀಟಿ ಎತ್ತಿದವರಿಗೆ ಇದು ಗೊತ್ತಿರಲಿಲ್ಲ ಬಿಡಿ.

ಸುಳ್ಳು ಅಂತ ನನಗೆ ಅನಿಸುವುದಿಲ್ಲ. ಆ ಸಭೆಯಲ್ಲಿ ‘ನಾನು’ ಅನ್ನುವ ಹಾಗೇ ಇಲ್ಲ, ‘ಸೌದಿ ಅರೇಬಿಯಾದ ಪ್ರತಿನಿಧಿ’ ಅನ್ನಬೇಕು ಅಂತ ನೀವೇ ಬರೆದಿದ್ದೀರಿ. ಆ ನಿಯಮ ಸುಮ್ನೆ ಇಟ್ಟದ್ದಲ್ಲ. ಕುರ್ಚಿಯಲ್ಲಿ ಕೂತವರು ಮಾತಾಡುವುದು ಕಳಿಸಿದವರ ಪರವಾಗಿ.

ನಮ್ಮೂರಿನವರೇ ಒಬ್ಬರಿದ್ದರು, ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಂವಿಧಾನದ ಮೊದಲ ಕರಡು ತಯಾರಿಸಿದವರು ಅಂತ ಪಾಠದಲ್ಲಿ ಬಂದಿರಬಹುದು. 1950ರ ಜೂನ್‌ನಲ್ಲಿ ಭಾರತದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಇವರೇ. ಕೊರಿಯಾ ಯುದ್ಧ ಶುರುವಾದದ್ದೂ ಆಗಲೇ. ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕು ಎಂಬ ನಿರ್ಣಯ ಜೂನ್ 27ರಂದು ಮತಕ್ಕೆ ಬಂತು. ದೆಹಲಿಯಿಂದ ಸೂಚನೆ ಇನ್ನೂ ಬಂದಿರಲಿಲ್ಲ. ಅಧ್ಯಕ್ಷರಾಗಿದ್ದೂ ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ಅವರಿಗೆ ಸ್ವಂತ ಅಭಿಪ್ರಾಯ ಇರಲಿಲ್ಲ ಅಂದುಕೊಳ್ಳಬೇಡಿ. ಮತ ಮಾತ್ರ ಅವರದ್ದಾಗಿರಲಿಲ್ಲ. ಭಾರತ ಆ ನಿರ್ಣಯಕ್ಕೆ ಒಪ್ಪಿಗೆ ಕೊಟ್ಟದ್ದು ಆಮೇಲೆ.

ಇನ್ನು ಆ ಒಂದು ಪದ. ‘ಬರೀ ಒಂದು ಕ್ರಿಯಾಪದ’ ಅಂತ ನಿಮ್ಮ ಅಣ್ಣ ನಗಾಡಿದರಂತೆ. ಅವರಿಗೆ 2021ರಲ್ಲಿ ಗ್ಲಾಸ್ಗೋದಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದ ಕತೆ ಹೇಳಿ. ಕಲ್ಲಿದ್ದಲು ಬಳಕೆ ‘ಹಂತ ಹಂತವಾಗಿ ನಿಲ್ಲಿಸುವುದು’ ಅಂತ ಕರಡಿನಲ್ಲಿತ್ತು. ಕೊನೇ ಗಳಿಗೆಯಲ್ಲಿ ಅದನ್ನು ‘ಹಂತ ಹಂತವಾಗಿ ಕಡಿಮೆ ಮಾಡುವುದು’ ಅಂತ ತಿದ್ದಿಸಿದ್ದು ನಮ್ಮ ಭಾರತವೇ. ಸಮ್ಮೇಳನದ ಅಧ್ಯಕ್ಷ ಅಲೋಕ್ ಶರ್ಮಾ ಕ್ಷಮೆ ಕೇಳುತ್ತಾ ವೇದಿಕೆಯ ಮೇಲೆ ಗದ್ಗದಿತರಾದರು. ಕಡಲು ಏರಿದರೆ ಮುಳುಗುವ ಭಯದಲ್ಲಿರುವ ದ್ವೀಪ ದೇಶಗಳಿಗೆ ಸಿಟ್ಟು ಬಂತು. ನಮ್ಮಲ್ಲಿ ಕರೆಂಟಿಗೆ ಇನ್ನೂ ಕಲ್ಲಿದ್ದಲೇ ಜಾಸ್ತಿ ಅನ್ನುವುದೂ ನಿಜ. ಯಾರು ಸರಿ ಅಂತ ಒಂದೇ ಮಾತಿನಲ್ಲಿ ಹೇಳಲು ನನಗೂ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಊಟದ ಸಾಲಿನ ಭಾಗ. ಒಳಗೆ ಕಾಲರ್ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಗುದ್ದಾಡಿದ ದೇಶಗಳು, ಹೊರಗೆ ಕೈಯಲ್ಲಿ ತಟ್ಟೆ ಹಿಡಿದು ಫ್ರಾನ್ಸ್ ಜೊತೆ ತುಳುವಿನಲ್ಲಿ, ಬ್ರೆಜಿಲ್ ಜೊತೆ ಬ್ಯಾರಿಯಲ್ಲಿ ರಾಜಿಗೆ ಬಂದದ್ದು. ಟಿಶ್ಯೂ ಪೇಪರಿನ ಮೇಲೆ ಆ ಕ್ರಿಯಾಪದ ಬರೆದುಕೊಂಡಿರಂತೆ, ಸಾಂಬಾರಿನ ಕಲೆಯ ಪಕ್ಕದಲ್ಲೇ. ‘ಇದು ಮೋಸವಾ’ ಅಂತ ಬೇರೆ ಕೇಳಿದ್ದೀರಿ! ಮೈಕಿನ ಮುಂದಿನ ಒಂದು ನಿಮಿಷಕ್ಕಿಂತ ಇದೇ ನಿಜವಾದ ರಾಜತಂತ್ರ.

ಆದರೆ ಮೂರನೇ ಪುಟದ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ವಿಷಯ ಬರೆದಿದ್ದೀರಿ. ಅಂಥದ್ದೇ ಪುಟ್ಟ ದ್ವೀಪ ದೇಶ ತುವಾಲು ಆಗಿದ್ದ ಹುಡುಗ “ನಮ್ಮ ದಡಕ್ಕೆ ಗೋಡೆ ಕಟ್ಟಿಸುವವರು ಯಾರು?” ಅಂತ ಕೇಳಲು ಎದ್ದಾಗ, ನೀವು ‘ಪಾಯಿಂಟ್ ಆಫ್ ಆರ್ಡರ್’, ಅಂದರೆ ಸಭೆಯ ನಿಯಮ ತಪ್ಪಿದೆ ಅನ್ನುವ ಆಕ್ಷೇಪ, ಎತ್ತಿ ಅವನ ಸಮಯ ತಿಂದು ಹಾಕಿದಿರಿ. ಎಲ್ಲರೂ ನಕ್ಕರು. ಅದನ್ನು ಮಾಡಿ ಅಂತ ರಿಯಾದ್ ಹೇಳಿರಲಿಲ್ಲ, ಅಲ್ವಾ? ಅದು ನಿಮ್ಮದೇ ಕೆಲಸ, ಬಹುಮಾನದ ಆಸೆಗೆ ಮಾಡಿದ್ದು. ಅಜ್ಜಿಯ ಮುಖ ನೋಡಲು ಕಷ್ಟವಾದದ್ದು ಇದಕ್ಕೇ ಇರಬೇಕು ಅಂತ ನನ್ನ ಅನುಮಾನ.

ಆ ಹುಡುಗ ಮಲ್ಪೆಯವನು, ಅವನ ಮನೆ ಹಿಂದೆಯೂ ಕಡಲೇ ಅಂತ ಬರೆದಿದ್ದೀರಿ. ನಂಬರ್ ಇದ್ದರೆ ಇವತ್ತೇ ಒಂದು ಮೆಸೇಜ್ ಹಾಕಿ. ತುಳುವಿನಲ್ಲೇ ಹಾಕಿ.

– ಸಂ.