ಅನಿಮೆ ನೋಡಿ ಮುಗಿಸಿದ ಮ್ಯಾಲೆ ಮಾಂಗಾ ಓದಬೇಕೇನ್ರಿ?

ಅನಿಮೆ ಅಂದ್ರ ಜಪಾನಿನ ಕಾರ್ಟೂನ್ ಸೀರೀಸ್, ಮಾಂಗಾ ಅಂದ್ರ ಜಪಾನಿನ ಚಿತ್ರಕತಿ ಪುಸ್ತಕ, ಭಾಳ ಅನಿಮೆ ಅದರಿಂದನ ಮಾಡಿರ್ತಾರ. ಕತಿ ಗೊತ್ತಾಗೇತಿ, ಮತ್ತ್ಯಾಕ ಓದಬೇಕು ಅಂತ ಕೇಳೀರಿ, ನಾ ಅಂತೂ ಓದ್ರಿ ಅಂತೀನಿ. ಫುಲ್‌ಮೆಟಲ್ ಆಲ್ಕೆಮಿಸ್ಟ್ ಅನ್ನೋ ಸೀರೀಸ್ ತಗೋರಿ, 2003ರಾಗ ಅನಿಮೆ ಬಂದಾಗ ಮಾಂಗಾ ಇನ್ನೂ ನಡದಿತ್ತು, ಮುಗದಿದ್ದು 2010ಕ್ಕ, ಹಿಂಗಾಗಿ ಅನಿಮೆದವರು ಅರ್ಧದಿಂದ ಮುಂದ ತಮ್ಮದ ಬ್ಯಾರೆ ಕತಿ ಮಾಡಿದ್ರು, ಮಾಂಗಾದ ಕತಿ ಹಿಡಕೊಂಡು ಬಂದಿದ್ದು 2009ರ ಬ್ರದರ್‌ಹುಡ್ ಅನ್ನೋ ಎರಡನೇ ಅನಿಮೆ. ಉದ್ದನ್ನ ಸೀರೀಸ್‌ನಾಗ ಮಾಂಗಾ ಮುಂದ ಹೋಗಲಿ ಅಂತ ಫಿಲ್ಲರ್ ಎಪಿಸೋಡ್, ಅಂದ್ರ ಮಾಂಗಾದಾಗ ಇಲ್ಲದ ಕತಿ, ತುಂಬ್ತಾರ, ಓದೂದ್ರಾಗ ಆ ತ್ರಾಸ ಇಲ್ಲ.

ಆದ್ರ ನನಗ ಹಿಡಿಸಿದ್ದು ಬ್ಯಾರೆನ. ಒಂದಿನ ಧಾರವಾಡದಿಂದ ಚಿಗರಿ ಬಸ್ಸಿನಾಗ ನಿಂತ್ಕೊಂಡು ಮೊಬೈಲ್‌ನಾಗ ಓದಾಕತ್ತಿದ್ದೆ, ಒಂದ ಪುಟದ ತುಂಬ ಬರೀ ಮಳಿ, ಮಾತ ಇಲ್ಲ, ಕಪ್ಪು ಗೆರಿ ಅಷ್ಟ. ಅನಿಮೆದಾಗ ಅದು ನಾಕ ಸೆಕೆಂಡಿನಾಗ ಹೋಗಿತ್ತು, ನಾ ನವನಗರದಿಂದ ಉಣಕಲ್ ಬರೂತನಾ ಅದನ್ನ ನೋಡ್ಕೋತ ನಿಂತೆ. ಮಾಂಗಾ ಬಲದಿಂದ ಎಡಕ್ಕ ಓದೂದು ಮೊದಲ ಎರಡ ದಿನ ತೊಡಕ ಅನಸ್ತೈತಿ, ಆಮ್ಯಾಲೆ ಕಣ್ಣು ತಾವ ಹೋಗ್ತಾವ.

ದನಿ, ಹಾಡು ಬೇಕಂದ್ರ ಅನಿಮೆನ ಬೇಕ ಬಿಡ್ರಿ, ಅದಕ್ಕ ನಾ ಮೊದಲ ನೋಡಿ ಆಮ್ಯಾಲೆ ಓದ್ತೀನಿ, ಓದುಮುಂದ ಆ ದನಿ ಕಿವ್ಯಾಗ ಕೇಳ್ತಿರ್ತಾವ.