ಸಂಜೆ ಕೊಟ್ಟ ಕೆಲಸ ಬೆಳಿಗ್ಗೆಗೇ ಬೇಕು ಎನ್ನುವ ಬಾಸ್ ಜೊತೆ ಏಗುವುದು ಹೇಗೆ?

ಸಂಜೆ ಆರಕ್ಕೆ ಕೆಲಸ ಕೊಟ್ಟು ಬೆಳಿಗ್ಗೆ ಹತ್ತಕ್ಕೆ ಮುಗಿದಿರಬೇಕು ಅಂತಾರೆ, ಆಗಲ್ಲ ಅಂದರೆ ರೇಗುತ್ತಾರೆ, ಕೆಲಸ ಬಿಡುವ ಸ್ಥಿತಿಯೂ ಇಲ್ಲ ಎಂದು ಬರೆದಿದ್ದೀರಿ. ನಾನು ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ತಿಂಗಳಿಡೀ ತಾರೀಕುಗಳ ಹಿಂದೆ ಓಡುವ ಕೆಲಸ. ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ.

ಮೊದಲು ಆ ಗಡುವು ಇಟ್ಟವರು ಯಾರು ಅಂತ ನೋಡಿ. ನಮ್ಮಲ್ಲಿ ಕೆಲವು ತಾರೀಕು ಸರ್ಕಾರದ್ದು. ತಿಂಗಳು ತಿಂಗಳು ಜಿಎಸ್‌ಟಿ ಲೆಕ್ಕ ಫೈಲ್ ಮಾಡುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 11ಕ್ಕೆ, ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ 20ಕ್ಕೆ. ತೆರಿಗೆ ಇದ್ದು 3ಬಿ ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಶೇ 18ರ ಬಡ್ಡಿ. ಅಲ್ಲಿ ಬಾಸ್ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ, ಅದು ಅವರ ಕೈಯಲ್ಲೂ ಇಲ್ಲ. ಆದರೆ ಪಾರ್ಟಿಯ, ಅಂದರೆ ನಮ್ಮ ಗ್ರಾಹಕರ, ಬ್ಯಾಂಕ್ ಲೋನಿನ ಪ್ರಾಜೆಕ್ಟ್ ರಿಪೋರ್ಟ್ ಕೂಡ "ನಾಳೆ ಬೆಳಿಗ್ಗೆಗೆ" ಅಂತಲೇ ಬರುತ್ತದೆ. "ಸರ್, ಪಾರ್ಟಿ ಬ್ಯಾಂಕಿಗೆ ಯಾವತ್ತು ಹೋಗ್ತಾರೆ?" ಅಂತ ಕೇಳಿದರೆ ಸೋಮವಾರ ಅಂತ ಗೊತ್ತಾಗುತ್ತದೆ. ನಾಳೆ ಎಂಬುದು ಫೋನಿನಲ್ಲಿ ಪಾರ್ಟಿಯನ್ನು ಸಮಾಧಾನ ಮಾಡಲು ಬಾಯಿಗೆ ಬಂದ ಮಾತು. ಎಷ್ಟೋ ಸಲ ಈ ಒಂದು ಪ್ರಶ್ನೆಯಿಂದಲೇ ನನಗೆ ಎರಡು ದಿನ ಸಿಕ್ಕಿದೆ.

ಇನ್ನು "ಆಗಲ್ಲ" ಎನ್ನುವ ಮಾತು. ಅದನ್ನು ಕೇಳಿದ ಕೂಡಲೇ ಯಾವ ಬಾಸ್‌ಗೂ ಸಿಟ್ಟು ಬರುತ್ತದೆ. ಮೊನ್ನೆ 18ನೇ ತಾರೀಕು ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳು ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಬಂದವು. ಅರ್ಧಕ್ಕರ್ಧ ಬಿಲ್ಲಿನ ಅಕ್ಷರ ಮಾಸಿತ್ತು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುವ ಖರೀದಿ ಪಟ್ಟಿ 2ಬಿ ಜೊತೆ ತಾಳೆ ನೋಡಿದರೆ ಹಲವು ಬಿಲ್ಲೇ ಇಲ್ಲ. ಕೈಯಲ್ಲಿ ಆಗಲೇ ಇನ್ನೆರಡು ಪಾರ್ಟಿಗಳ ಕೆಲಸ. ಒಂದು ಹಾಳೆಯಲ್ಲಿ ಮೂರೂ ಹೆಸರು ಬರೆದೆ. ಪಕ್ಕದಲ್ಲಿ ಎಷ್ಟು ಗಂಟೆ ಬೇಕು, ಏನೇನು ಬಂದಿಲ್ಲ ಅಂತ ಬರೆದು ಸರ್ ಟೇಬಲ್ ಮೇಲಿಟ್ಟೆ. "ಯಾವುದು ಮೊದಲು ಮಾಡಲಿ ಸರ್?" ಅಂತಷ್ಟೇ ಕೇಳಿದೆ. ಅವರು ಎರಡಕ್ಕೆ ಟಿಕ್ ಹಾಕಿ, ಹಾರ್ಡ್‌ವೇರ್ ಅಂಗಡಿಯವರಿಗೆ ತಾವೇ ಫೋನ್ ಮಾಡಿದರು. ಸೀಟಿಗೆ ಬಂದು ವಾಟ್ಸಾಪ್ ಹಾಕಿದೆ: "ಸರ್, ನೀವು ಹೇಳಿದಂತೆ ಇವತ್ತು ಈ ಎರಡು. ಉಳಿದ ಬಿಲ್ ನಾಳೆ 11ರೊಳಗೆ ಬಂದರೆ ಸಂಜೆಗೆ ಮೂರನೆಯದೂ ಮುಗಿಯುತ್ತದೆ." ಈ ಮೆಸೇಜ್ ತಪ್ಪಿಸಬೇಡಿ. ಆಮೇಲೆ "ನಾನು ಹಾಗೆ ಹೇಳಲೇ ಇಲ್ಲ" ಎಂಬ ಮಾತು ಬರುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಕೆಲಸ ನಿಮ್ಮ ಟೇಬಲ್‌ಗೆ ಬರುವ ಮೊದಲು ಎಲ್ಲಿ ಕೂತಿತ್ತು ಅನ್ನುವುದು. ನಮ್ಮಲ್ಲಿ ಅದು ಪಾರ್ಟಿಯ ಗಲ್ಲಾಪೆಟ್ಟಿಗೆಯಲ್ಲಿ ಕೂತಿರುತ್ತಿತ್ತು. ಹಾಗಾಗಿ ಸರ್ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ಪ್ರತಿ ತಿಂಗಳ ಮೊದಲ ವಾರ ಎಲ್ಲ ಪಾರ್ಟಿಗಳಿಗೂ "ಬಿಲ್ ಕಳಿಸಿ" ಅಂತ ಮೆಸೇಜ್ ಹಾಕಲು ಶುರು ಮಾಡಿದೆವು. ಕೊನೆಗೆ ಕಳಿಸುವವರು ಈಗಲೂ ಇದ್ದಾರೆ. ಆದರೂ 20ರ ರಾತ್ರಿಯ ಗದ್ದಲ ಎಷ್ಟೋ ಇಳಿದಿದೆ. ನಿಮಗೆ ಆರು ಗಂಟೆಗೆ ಬರುವ ಕೆಲಸ ಬೆಳಿಗ್ಗೆಯೇ ನಿಮ್ಮ ಬಾಸ್‌ನ ಇಮೇಲ್‌ಗೆ ಬಂದು ಬಿದ್ದಿತ್ತೇ? ಹಾಗಿದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ನೀವೇ ಹೋಗಿ "ಸಂಜೆಗೆ ಏನಾದರೂ ಬರೋದಿದೆಯಾ ಸರ್?" ಅಂತ ಕೇಳಿ. ನಾಲ್ಕು ಗಂಟೆ ಉಳಿಯುತ್ತದೆ.

ಎಲ್ಲರ ಎದುರು ಬೈಯುವವರು, ಭಾನುವಾರವೂ ಬಿಡದವರು ಇದ್ದಾರೆ. ಅವರ ಹತ್ತಿರ ಇದ್ಯಾವುದೂ ನಡೆಯುವುದಿಲ್ಲ, ಸುಮ್ನೆ ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ಬಂದಿದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಜಾಸ್ತಿ ಮಾಡಿಸಿದರೆ ಎರಡರಷ್ಟು ಸಂಬಳ ಎಂದು ಅದರಲ್ಲಿ ಬರೆದಿದ್ದರು. ಸಣ್ಣ ಆಫೀಸುಗಳಲ್ಲಿ ಅದನ್ನು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ, ನನಗೆ ಗೊತ್ತು. ಅಂಥ ಕಡೆ ಇದ್ದರೆ ಕೆಲಸದಲ್ಲಿ ಇರುವಾಗಲೇ ಬೇರೆ ಕಡೆ ಹುಡುಕಿ. ಆರೋಗ್ಯ ಕೆಟ್ಟ ಮೇಲೆ ಇಂಟರ್‌ವ್ಯೂಗೆ ಓಡಾಡುವುದು ತುಂಬಾ ಕಷ್ಟ.

ನಿಮ್ಮದು ಯಾವ ತರಹದ ಕೆಲಸ ಅಂತ ಬರೆದಿಲ್ಲ. ಆ ಸಂಜೆ ಆರರ ಕೆಲಸ ಎಲ್ಲಿಂದ ಬರುತ್ತದೆ ಅಂತ ತಿಳಿಸಿ, ಮಧ್ಯಾಹ್ನವೇ ಅದನ್ನು ಹಿಡಿಯುವ ದಾರಿ ಇದೆಯಾ ನೋಡೋಣ.